ಗುಣವಾದ ಮೇಲಿನ ಗುಣಮಟ್ಟ: ಧುಪದಾಳದಿಂದ ಒಂದು ಪ್ರಶ್ನಾವಳಿಯ ವಿಮರ್ಶೆ

೧

ವಿಮರ್ಶೆಯೆಂದೊಡನೆ ಕಾವ್ಯ, ನಾಟಕ, ಕಾದಂಬರಿಗಳ ಗುಣದೋಷ ವಿವೇಚನೆಯೆಂದು ತಿಳಿಯುವುದು ನಮ್ಮ ವಿದ್ವದ್ವಲಯದ ರೂಢಿ. ಆದರೆ ಮನುಷ್ಯನ ಬಾಳನ್ನು ಕುರಿತು ತೀರ್ಪು ಹೇಳುವ ಬರಹಗಳು ಇವು ಮೂರೇ ಅಲ್ಲ. ಜನಗಣತಿಯ ತಖ್ತೆ, ಕಂದಾಯ ಇಲಾಖೆಯ ನಮೂನೆ, ಆಸ್ಪತ್ರೆಯ ಪ್ರಶ್ನಾವಳಿ ಇವೂ ಒಂದು ಬಗೆಯ ಗ್ರಂಥಗಳೇ. ಇವುಗಳಿಗೂ ಕರ್ತೃಗಳಿದ್ದಾರೆ, ಕಾಲದೇಶಗಳಿವೆ, ಮನುಷ್ಯನೆಂದರೆ ಯಾರು ಎಂಬುದರ ಬಗ್ಗೆ ಮೊದಲೇ ಮಾಡಿಕೊಂಡ ಗ್ರಹಿಕೆಗಳಿವೆ. ಇತಿಹಾಸದ ಅಭ್ಯಾಸಿಗಳಾದ ನಮಗೆ ನಾಳೆ ಆಕರಗಳಾಗಿ ಉಳಿಯುವವು ಬಹುಮಟ್ಟಿಗೆ ಇವೇ. ಆದುದರಿಂದ ಅಂಥ ಒಂದು ಬರಹವನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇವೆ.

ನಾವು ಆಯ್ದುಕೊಂಡ ಬರಹವು ಕೇವಲ ಮೂವತ್ತು ಪ್ರಶ್ನೆಗಳದು. ಬ್ರಸೆಲ್ಸ್ ನಗರದಲ್ಲಿ ೧೯೬೨ರಲ್ಲಿ ಸ್ಥಾಪಿತವಾದ ಯುರೋಪಿನ ಕ್ಯಾನ್ಸರ್ ಸಂಶೋಧನ ಹಾಗೂ ಚಿಕಿತ್ಸಾ ಸಂಸ್ಥೆಯ ತಜ್ಞರು ಇದನ್ನು ರಚಿಸಿ ೧೯೯೩ರಲ್ಲಿ ಪ್ರಕಟಿಸಿದರು. ಕ್ಯು.ಎಲ್.ಕ್ಯು.-ಸಿ ೩೦ ಎಂಬುದು ಅದರ ಸಂಕ್ಷಿಪ್ತ ಹೆಸರು. ಕ್ಯಾನ್ಸರ್ ಚಿಕಿತ್ಸೆ ಪಡೆದವರ ಜೀವನದ ಗುಣಮಟ್ಟವನ್ನು ಅಳೆಯಲು ಜಗತ್ತಿನಲ್ಲಿ ಅತ್ಯಧಿಕವಾಗಿ ಬಳಕೆಯಲ್ಲಿರುವ ಸಾಧನಗಳಲ್ಲಿ ಇದೊಂದು. ಇದನ್ನು ಗೋಕಾಕ ತಾಲೂಕಿನ ಧುಪದಾಳದಲ್ಲಿ ಕುಳಿತು ಓದಿದರೆ ಏನು ಕಾಣುತ್ತದೆ, ಏನು ಕಾಣದೆ ಹೋಗುತ್ತದೆ ಎಂಬುದೇ ಈ ಲೇಖನದ ವಿಷಯ.

ಧುಪದಾಳವನ್ನು ಆರಿಸಿದ್ದಕ್ಕೆ ಕಾರಣವನ್ನು ಹೇಳಬೇಕು. ಘಟಪ್ರಭಾ ನದಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಟ್ಟಿದ ಒಡ್ಡಿನಿಂದ ಈ ಊರು ಪ್ರಸಿದ್ಧ. ಅದರ ಹಿನ್ನೀರಿನ ಪಕ್ಷಿಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ನಮಗಾದರೋ ಅದು ತಾಯಿಯ ತವರೂರು. ನಮ್ಮ ಚಿಗವ್ವನವರು ಅಲ್ಲಿಯೇ ಇದ್ದಾರೆ. ಕೆಲವು ವರ್ಷಗಳ ಹಿಂದೆ ಅವರಿಗೆ ಸ್ತನದ ಕ್ಯಾನ್ಸರ್ ಆಗಿ, ಶಸ್ತ್ರಚಿಕಿತ್ಸೆ, ಔಷಧ, ವಿಕಿರಣ ಮೂರೂ ಮುಗಿದು, ವೈದ್ಯರು 'ಗುಣವಾಗಿದೆ' ಎಂದು ಹೇಳಿ ಕಳುಹಿಸಿದರು. ಕಳೆದ ರಜೆಯಲ್ಲಿ ಈ ಮೂವತ್ತು ಪ್ರಶ್ನೆಗಳನ್ನು ನಮಗೆ ಬಂದ ಕನ್ನಡದಲ್ಲಿ ಅವರಿಗೆ ಓದಿ ಹೇಳಿದೆವು. ಇದು ಶಾಸ್ತ್ರೀಯ ಸಮೀಕ್ಷೆಯಲ್ಲ. ಒಬ್ಬರ ಉತ್ತರದಿಂದ ಸಿದ್ಧಾಂತ ಕಟ್ಟಲಾಗದೆಂಬುದು ನಮಗೆ ತಿಳಿದಿದೆ. ಆದರೆ ಒಂದು ಪ್ರಶ್ನೆಯು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಕೆಲವೊಮ್ಮೆ ಒಬ್ಬರೇ ಸಾಕಾಗುತ್ತಾರೆ.

೨

ಮೊದಲು ಶಬ್ದದ ವಿಚಾರ. 'ಜೀವನದ ಗುಣಮಟ್ಟ' ಎಂಬುದು ಈಚಿನ ಭಾಷಾಂತರದ ಮಾತು. ಇದರಲ್ಲಿರುವ 'ಗುಣ' ಶಬ್ದವು ಕನ್ನಡದಲ್ಲಿ ಎರಡು ದಿಕ್ಕಿಗೆ ನೋಡುತ್ತದೆ. 'ಅವನ ಗುಣ ಒಳ್ಳೆಯದು' ಎಂದಾಗ ಅದು ಸ್ವಭಾವ. 'ಅವನಿಗೆ ಗುಣವಾಯಿತು' ಎಂದಾಗ ಅದು ಆರೋಗ್ಯ. ರೋಗ ಹೋಗುವುದಕ್ಕೂ ಮನುಷ್ಯ ತನ್ನ ಸ್ವಭಾವಕ್ಕೆ ಮರಳುವುದಕ್ಕೂ ನಮ್ಮ ಹಿರಿಯರು ಒಂದೇ ಮಾತನ್ನು ಬಳಸಿದರು. ವೈದ್ಯರ ಕಡತದಲ್ಲಿ ಈ ಎರಡು ಅರ್ಥಗಳು ಬೇರ್ಪಟ್ಟಿವೆ. ಗಂತಿ ಹೋದರೆ ಗುಣ. ಆಮೇಲೆ ಹೇಗಿದ್ದಾರೆಂಬುದು ಗುಣಮಟ್ಟ. ಮೊದಲನೆಯದನ್ನು ಯಂತ್ರಗಳು ನೋಡಿ ಹೇಳುತ್ತವೆ. ಎರಡನೆಯದನ್ನು ಮನುಷ್ಯನನ್ನೇ ಕೇಳಬೇಕಾಗುತ್ತದೆ.

ಧುಪದಾಳದ ಬಾಯಿಮಾತಿನಲ್ಲಿ 'ಗುಣಮಟ್ಟ'ವಿಲ್ಲ. ಅಲ್ಲಿ ಇರುವ ಮಾತು 'ಆರಾಮ'. ಪರಭಾಷೆಯಿಂದ ಬಂದ ಈ ಶಬ್ದವು ಉತ್ತರ ಕರ್ನಾಟಕದ ನೆಲದಲ್ಲಿ ಎಷ್ಟು ಬೇರುಬಿಟ್ಟಿದೆಯೆಂದರೆ, 'ಆರಾಮ ಇಲ್ಲ' ಎಂದರೆ ಕಾಯಿಲೆಯೆಂದೇ ಅರ್ಥ. ಆದರೆ 'ಆರಾಮ ಅದೀರೇನ್ರಿ?' ಎಂಬುದು ಕುಶಲ ಪ್ರಶ್ನೆಯೂ ಹೌದು, ಅದಕ್ಕೆ 'ಆರಾಮ' ಎಂದು ಉತ್ತರಿಸುವುದು ಸೌಜನ್ಯವೂ ಹೌದು. ಹೊಲದ ಬದುವಿನಲ್ಲಿ ಎದುರಾದವರಿಗೆ ಯಾರೂ ತಮ್ಮ ನೋವಿನ ಯಾದಿಯನ್ನು ಒಪ್ಪಿಸುವುದಿಲ್ಲ. ಪ್ರಶ್ನಾವಳಿಯ ಕೊನೆಯ ಎರಡು ಪ್ರಶ್ನೆಗಳು, ಒಟ್ಟಾರೆ ಆರೋಗ್ಯ ಹೇಗಿದೆ, ಒಟ್ಟಾರೆ ಬಾಳಿನ ಗುಣಮಟ್ಟ ಹೇಗಿದೆ ಎಂದು ಕೇಳಿ, ಒಂದರಿಂದ ಏಳರವರೆಗೆ ಒಂದು ಅಂಕಿಯನ್ನು ಗುರುತಿಸಲು ಹೇಳುತ್ತವೆ. ಚಿಗವ್ವನವರು ಎರಡಕ್ಕೂ ತಡಮಾಡದೆ ಆರು ಎಂದರು. ಏಳು ಯಾಕಲ್ಲವೆಂದು ಕೇಳಿದರೆ, 'ಪೂರಾ ಅಂದ್ರ ದೃಷ್ಟಿ ಆಗ್ತದ ತಮ್ಮಾ' ಎಂದು ನಕ್ಕರು. ಈ ಆರು ಎಂಬುದು ಅಳತೆಯೋ, ಮರ್ಯಾದೆಯೋ, ದೃಷ್ಟಿಪರಿಹಾರವೋ? ಅಂಕಿಯನ್ನು ಕೂಡಿಸಿ ಭಾಗಿಸುವವನಿಗೆ ಇದು ತಿಳಿಯುವ ಉಪಾಯವಿಲ್ಲ.

೩

ಚಿಕಿತ್ಸೆಯ ಅನಂತರದ ಬಾಳಿನ ಪ್ರಶ್ನೆಯು ಕ್ಯಾನ್ಸರಿನೊಡನೆ ಹುಟ್ಟಿದ್ದಲ್ಲ. ಇದಕ್ಕೊಂದು ಪೂರ್ವೇತಿಹಾಸವಿದೆ. ಅದರ ಒಂದು ಎಳೆಯು ಧುಪದಾಳದ ನೆರೆಯಲ್ಲಿಯೇ ಹಾದುಹೋಗುತ್ತದೆ. ೧೯೨೦ರ ದಶಕದ ಕೊನೆಗೆ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವು ತಲೆಯೆತ್ತಿತು. ಹಿಂದೂಸ್ತಾನಿ ಸೇವಾದಳವನ್ನು ೧೯೨೩ರಲ್ಲಿ ಕಟ್ಟಿದ ಡಾ. ನಾ. ಸು. ಹರ್ಡೀಕರ ಹಾಗೂ ಡಾ. ಕೊಕಟನೂರ ಇವರ ಹೆಸರುಗಳು ಈ ಸಂಸ್ಥೆಯೊಡನೆ ಹೆಣೆದುಕೊಂಡಿವೆ. ಕ್ಷಯರೋಗಿಗಳ ಶುಶ್ರೂಷೆಯು ಅದರ ಮುಖ್ಯ ಕಾರ್ಯಗಳಲ್ಲಿ ಒಂದಾಗಿದ್ದಿತು.

ಸ್ಟ್ರೆಪ್ಟೊಮೈಸಿನ್ ಔಷಧವು ೧೯೪೩ರಲ್ಲಿ ಶೋಧವಾಗುವುದಕ್ಕೆ ಮುಂಚೆ ಕ್ಷಯಕ್ಕೆ ವಿಶ್ರಾಂತಿ, ಗಾಳಿ, ಆಹಾರ ಇವೇ ಮುಖ್ಯ ಉಪಚಾರ. ಧಾಮದಲ್ಲಿ ತಿಂಗಳುಗಟ್ಟಲೆ ಇದ್ದು ಚೇತರಿಸಿಕೊಂಡವನು ಮರಳಿ ಅದೇ ಇಕ್ಕಟ್ಟಾದ ಮನೆಗೆ, ಅದೇ ದುಡಿಮೆಗೆ ಹೋದರೆ ರೋಗ ಮರುಕಳಿಸುತ್ತಿದ್ದಿತು. ಆದುದರಿಂದ 'ಮುಂದೇನು?' ಎಂಬ ಪ್ರಶ್ನೆಯನ್ನು ಅಂದಿನ ವೈದ್ಯರು ತಪ್ಪಿಸಿಕೊಳ್ಳುವಂತಿರಲಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ಸೀಮೆಯ ಪ್ಯಾಪ್‌ವರ್ತ್ ಎಂಬಲ್ಲಿ ೧೯೧೮ರಿಂದ ವೇರಿಯರ್-ಜೋನ್ಸ್ ಎಂಬ ವೈದ್ಯರು ಒಂದು ಹಳ್ಳಿಯನ್ನೇ ಬೆಳೆಸಿದರು. ಕ್ಷಯದಿಂದ ಚೇತರಿಸಿಕೊಂಡವರು ಅಲ್ಲಿ ಕುಟುಂಬ ಸಹಿತ ವಾಸಿಸಿ, ತಮ್ಮ ಶಕ್ತಿಗೆ ತಕ್ಕಷ್ಟು ಹೊತ್ತು ಬಡಗಿತನ, ಪೆಟ್ಟಿಗೆ ತಯಾರಿಕೆ ಮೊದಲಾದ ಕೆಲಸ ಮಾಡಿ ಕೂಲಿ ಪಡೆಯುತ್ತಿದ್ದರು. ಮನೆ, ಕೆಲಸ, ಸಂಸಾರ ಮೂರೂ ಚಿಕಿತ್ಸೆಯ ಭಾಗವೆಂಬ ತಿಳಿವಳಿಕೆ ಅಲ್ಲಿದ್ದಿತು.

ಔಷಧಗಳು ಬಂದವು. ೧೯೫೯ರಲ್ಲಿ ಪ್ರಕಟವಾದ ಮದರಾಸಿನ ಪ್ರಸಿದ್ಧ ಪ್ರಯೋಗವು, ಬಡ ರೋಗಿಯು ತನ್ನ ಮನೆಯಲ್ಲಿಯೇ ಇದ್ದು ಔಷಧ ಸೇವಿಸಿದರೂ ಧಾಮದಲ್ಲಿದ್ದವನಷ್ಟೇ ಗುಣಹೊಂದುತ್ತಾನೆಂದು ತೋರಿಸಿಕೊಟ್ಟಿತು. ಇದು ಮಾನವಕೋಟಿಗೆ ಆದ ಮಹೋಪಕಾರ, ಅದರಲ್ಲಿ ಸಂಶಯವಿಲ್ಲ. ಆದರೆ ಇದರ ಜತೆಗೆ ಒಂದು ನಷ್ಟವೂ ಆಯಿತೆಂದು ನಮಗೆ ತೋರುತ್ತದೆ. ಗುಳಿಗೆಯೇ ಸಾಕಾದ ಮೇಲೆ ಮನೆ, ಕೆಲಸ, ಸಂಸಾರಗಳು ವೈದ್ಯಶಾಸ್ತ್ರದ ಕಕ್ಷೆಯಿಂದ ಹೊರಬಿದ್ದವು. 'ಮುಂದೇನು?' ಎಂಬ ಪ್ರಶ್ನೆ ಹಿಂದೆ ಸರಿಯಿತು.

ಕ್ಯಾನ್ಸರ್ ಅದನ್ನು ಮತ್ತೆ ಮುಂದಕ್ಕೆ ತಂದಿತು. ಚಿಕಿತ್ಸೆ ಫಲಿಸದಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಎಡೆಯಿರಲಿಲ್ಲ. ಫಲಿಸತೊಡಗಿದ ಮೇಲೆ ಅದು ತಾನಾಗಿ ಎದ್ದಿತು. ಅಮೇರಿಕದ ಫಿಟ್ಜ್‌ಹ್ಯೂ ಮಲ್ಲನ್ ಎಂಬ ವೈದ್ಯರು ಸ್ವತಃ ಕ್ಯಾನ್ಸರಿಗೆ ತುತ್ತಾಗಿ ಬದುಕಿ, ೧೯೮೫ರಲ್ಲಿ ಬರೆದ ಒಂದು ಲೇಖನದಲ್ಲಿ ರೋಗಿಯು ಒಮ್ಮೆಗೇ ರೋಗದಿಂದ ಆರೋಗ್ಯಕ್ಕೆ ದಾಟುವುದಿಲ್ಲ, ಋತುಗಳಂತೆ ಹಲವು ಅವಸ್ಥೆಗಳನ್ನು ಹಾಯುತ್ತಾನೆ ಎಂದು ವಾದಿಸಿದರು. ೨೦೦೬ರಲ್ಲಿ ಆ ದೇಶದ ವೈದ್ಯಕೀಯ ಮಂಡಲವೊಂದು, ಚಿಕಿತ್ಸೆ ಮುಗಿದ ಪ್ರತಿಯೊಬ್ಬನಿಗೂ ಮುಂದಿನ ಆರೈಕೆಯ ಲಿಖಿತ ಯೋಜನೆಯನ್ನು ಕೊಡಬೇಕೆಂದು ಶಿಫಾರಸು ಮಾಡಿತು.

ನಮ್ಮಲ್ಲಿಯೂ ಈ ಪ್ರಶ್ನೆ ಚಿಕ್ಕದಲ್ಲ. ೨೦೨೨ರ ಅಂತಾರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ೧೪ ಲಕ್ಷಕ್ಕೂ ಮಿಕ್ಕಿದ ಹೊಸ ಕ್ಯಾನ್ಸರ್ ರೋಗಿಗಳು ಕಂಡುಬಂದರು. ಹಿಂದಿನ ಐದು ವರ್ಷಗಳಲ್ಲಿ ರೋಗ ಪತ್ತೆಯಾಗಿ ಬದುಕಿರುವವರು ೩೨ ಲಕ್ಷಕ್ಕೂ ಹೆಚ್ಚು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಲ್ಲಿ ಬೆಂಗಳೂರಿನ ನೋಂದಣಿಯು ೧೯೮೨ರಿಂದ ನಡೆದಿದೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ೧೯೮೭ರಿಂದ ಗ್ರಾಮೀಣ ನೋಂದಣಿಯೂ ಇದೆ. ಇವು ರೋಗದ ಆರಂಭವನ್ನೂ ಮರಣವನ್ನೂ ಶ್ರದ್ಧೆಯಿಂದ ಬರೆದಿಡುತ್ತವೆ. ಇವೆರಡರ ನಡುವೆ ಬಾಳಿದ ಬಾಳನ್ನು ಬರೆಯುವ ಪುಸ್ತಕ ಯಾವುದು? ಆ ಸ್ಥಾನಕ್ಕೆ ಇಂದು ಅರ್ಜಿ ಹಾಕಿ ನಿಂತಿರುವುದು ನಮ್ಮ ವಿಮರ್ಶೆಯ ವಸ್ತುವಾದ ಪ್ರಶ್ನಾವಳಿಯೇ.

೪

ಮೊದಲು ಅದರ ಗುಣಗಳನ್ನು ಹೇಳುವುದು ನ್ಯಾಯ. ಇದಕ್ಕಿಂತ ಮುಂಚೆ, ೧೯೪೦ರ ದಶಕದ ಕೊನೆಯಿಂದ, ಕಾರ್ನೊಫ್‌ಸ್ಕಿ ಎಂಬವರು ಹಾಕಿಕೊಟ್ಟ ಅಳತೆಗೋಲು ಬಳಕೆಯಲ್ಲಿದ್ದಿತು. ನೂರು ಎಂದರೆ ಪೂರ್ಣ ಸ್ವಸ್ಥ, ಸೊನ್ನೆ ಎಂದರೆ ಮರಣ. ನಡುವೆ ಹತ್ತು ಹತ್ತರ ಮೆಟ್ಟಿಲು. ಅಂಕವನ್ನು ಕೊಡುವವರು ವೈದ್ಯರು. ರೋಗಿಯ ಬಾಯಿಗೆ ಅಲ್ಲಿ ಕೆಲಸವಿರಲಿಲ್ಲ. ಈ ಮೂವತ್ತು ಪ್ರಶ್ನೆಗಳು ರೋಗಿಯನ್ನೇ ಸಾಕ್ಷಿಯಾಗಿ ಕರೆದವು. ಇದು ಸಣ್ಣ ಪಲ್ಲಟವಲ್ಲ. ನಿದ್ರೆ ಬಂತೇ, ಊಟ ಸೇರಿತೇ, ದಣಿವಾಯಿತೇ, ಚಿಂತೆ ಹತ್ತಿತೇ ಎಂದು ನಮ್ಮ ಚಿಗವ್ವನವರನ್ನು ಅವರ ಚಿಕಿತ್ಸೆಯ ದಿನಗಳಲ್ಲಿ ಹೀಗೆ ಒಂದೊಂದಾಗಿ ಯಾರೂ ಕೇಳಿರಲಿಲ್ಲವಂತೆ. ಪ್ರಶ್ನೆಗಳನ್ನು ಓದಿ ಮುಗಿಸಿದಾಗ ಅವರು ಆಡಿದ ಮೊದಲ ಮಾತು ಇದೇ: 'ಇಷ್ಟೆಲ್ಲಾ ಕೇಳೂ ಪುಸ್ತಕ ಐತೇನು?' ಕೇಳುವಿಕೆಯೇ ಒಂದು ಆದರವೆಂಬುದನ್ನು ವಿಮರ್ಶಕನು ಮರೆಯಬಾರದು.

ಇನ್ನು ದೋಷಗಳು. ಮೊದಲನೆಯ ಪ್ರಶ್ನೆಯು ಶ್ರಮದ ಕೆಲಸದಲ್ಲಿ ತೊಂದರೆಯಾಗುತ್ತದೆಯೇ ಎಂದು ಕೇಳಿ, ಪೇಟೆಯಿಂದ ತರುವ ಭಾರದ ಚೀಲವನ್ನೋ ಪ್ರವಾಸದ ಪೆಟ್ಟಿಗೆಯನ್ನೋ ಉದಾಹರಣೆಯಾಗಿ ಕೊಡುತ್ತದೆ. ಚಿಗವ್ವನವರು ಕೇಳಿದರು: 'ಪೆಟಿಗಿ ಹೊತ್ಕೊಂಡು ನಾ ಎಲ್ಲಿಗೆ ಹೋಗ್ಲಿ ತಮ್ಮಾ?' ಉತ್ತರದ ಕೋಷ್ಟಕದಲ್ಲಿ ಇದನ್ನು ಬರೆಯಬೇಕಾದುದು 'ತೊಂದರೆ ಇಲ್ಲವೇ ಇಲ್ಲ' ಎಂದು. ಆದರೆ ಅವರು ನೀರಿನ ಕೊಡವನ್ನು ಎತ್ತಿ ಎಷ್ಟೋ ವರ್ಷವಾಯಿತು. ಮೇವಿನ ಹೊರೆಯನ್ನು ಮುಟ್ಟುವುದಿಲ್ಲ. ರೊಟ್ಟಿ ಬಡಿಯುವುದನ್ನು ಸೊಸೆಗೆ ಬಿಟ್ಟುಕೊಟ್ಟಿದ್ದಾರೆ. ಬಲಗೈ ಆಗಾಗ ಬಾತುಕೊಳ್ಳುತ್ತದೆ. ಈ ಭಾಗದ ಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದು ಎಂದರೆ ಮನೆಯ ಯಜಮಾನಿಕೆಯ ಸದ್ದು. ಅದನ್ನು ಬಿಟ್ಟುಕೊಟ್ಟ ಹೆಂಗಸು ಅಡುಗೆಮನೆಯಲ್ಲಿ ಅತಿಥಿಯಾಗುತ್ತಾಳೆ. ಪೆಟ್ಟಿಗೆಯ ಉದಾಹರಣೆಯನ್ನು ಬದಲಿಸಿ ಕೊಡವೆಂದು ಬರೆದರೆ ಸಾಲದೇ ಎಂದು ಕೇಳಬಹುದು. ಈ ಸಂಸ್ಥೆಯವರು ಭಾಷಾಂತರವನ್ನು ಹಿಂದುಮುಂದಾಗಿ ಎರಡು ಬಾರಿ ಮಾಡಿಸಿ, ರೋಗಿಗಳ ಮೇಲೆ ಪರೀಕ್ಷಿಸಿಯೇ ಒಪ್ಪುತ್ತಾರೆಂಬುದೂ ನಿಜ. ಆದರೆ ದೋಷವು ಶಬ್ದದ ಆಳಕ್ಕಿಂತ ಕೆಳಗಿದೆ. ಕೆಲಸ ಬಿಟ್ಟವನಿಗೆ ಕೆಲಸದ ತೊಂದರೆಯಿಲ್ಲ. ಪ್ರಶ್ನೆಯು ತೊಂದರೆಯನ್ನು ಕೇಳುತ್ತದೆ, ಕಳೆದುಕೊಂಡದ್ದನ್ನು ಕೇಳುವುದಿಲ್ಲ. ಆದುದರಿಂದ ಹೆಚ್ಚು ಕಳೆದುಕೊಂಡು ಸುಮ್ಮನಾದವರು ಹೆಚ್ಚು ಅಂಕ ಪಡೆಯುವ ಸಂಭವವಿದೆ. ರೋಗಿಯು ತನ್ನ ಸ್ಥಿತಿಗೆ ಹೊಂದಿಕೊಂಡಂತೆ ಅವನ ಒಳಗಿನ ಅಳತೆಗೋಲೇ ಜರಗುತ್ತದೆಂಬುದನ್ನು ಸ್ಪ್ರಾಂಗರ್ಸ್ ಮತ್ತು ಶ್ವಾರ್ಟ್ಜ್ ಎಂಬ ಸಂಶೋಧಕರು ೧೯೯೯ರಲ್ಲಿ ಸಿದ್ಧಾಂತರೂಪವಾಗಿ ನಿರೂಪಿಸಿದ್ದಾರೆ. ಧುಪದಾಳದಲ್ಲಿ ಅದಕ್ಕೆ 'ರೂಢಿಯಾತು' ಎನ್ನುತ್ತಾರೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ವಿಮರ್ಶೆ ಬರಿಯ ಶಬ್ದವಿಚಾರವಾದೀತು. 'ಆ ಕೈಯಿಂದ ಭಾರ ಎತ್ತಬೇಡಿ' ಎಂದು ಚಿಗವ್ವನವರಿಗೆ ಬಿಡುಗಡೆಯ ದಿನ ಹೇಳಲಾಗಿದ್ದಿತು. ಅವರು ಅದನ್ನು ಜೀವಾವಧಿ ಆಜ್ಞೆಯೆಂದು ಪಾಲಿಸುತ್ತಿದ್ದಾರೆ. ಆದರೆ ೨೦೦೯ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೈಬಾವು ಇದ್ದ ೧೪೧ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತರಬೇತಿದಾರರ ಕಣ್ಣಳತೆಯಲ್ಲಿ, ಒತ್ತುಪಟ್ಟಿ ತೊಡಿಸಿ, ಸ್ವಲ್ಪ ಸ್ವಲ್ಪವಾಗಿ ಭಾರ ಎತ್ತುವುದನ್ನು ಕಲಿಸಿದರು. ಅವರ ಬಾವು ಹೆಚ್ಚಲಿಲ್ಲ, ಅದು ಉಲ್ಬಣಗೊಳ್ಳುವ ಪ್ರಸಂಗಗಳು ಕಡಿಮೆಯಾದವು, ಶಕ್ತಿ ಹೆಚ್ಚಿತು. ಅಂದರೆ ಚಿಗವ್ವನವರು ಕಳೆದುಕೊಂಡದ್ದರಲ್ಲಿ ಸ್ವಲ್ಪವನ್ನಾದರೂ ಮರಳಿ ಪಡೆಯಬಹುದಿತ್ತು. ಅದಕ್ಕೆ ಬೇಕಾದದ್ದು ದೊಡ್ಡ ಯಂತ್ರವಲ್ಲ. ತಿಳಿದ ಒಬ್ಬ ವ್ಯಾಯಾಮ ಚಿಕಿತ್ಸಕರು, ಕೆಲವು ತಿಂಗಳು. ನಷ್ಟವು ಉತ್ತರ ಪತ್ರಿಕೆಯಲ್ಲಿ ಕಾಣಿಸದಿದ್ದರೆ ಅದಕ್ಕೆ ಪರಿಹಾರವನ್ನು ಒದಗಿಸುವವರು ಯಾರು? ಅಳತೆಯ ದೋಷವು ಇಲ್ಲಿ ಆರೈಕೆಯ ದೋಷವಾಗಿ ಪರಿಣಮಿಸುತ್ತದೆ.

ಏಳನೆಯ ಪ್ರಶ್ನೆಯು ಹವ್ಯಾಸ ಮತ್ತು ಬಿಡುವಿನ ವೇಳೆಯ ಚಟುವಟಿಕೆಗಳನ್ನು ಕುರಿತದ್ದು. ಮುಂದೊಂದು ಪ್ರಶ್ನೆಯು ಮನಸ್ಸಿನ ಏಕಾಗ್ರತೆಗೆ ವೃತ್ತಪತ್ರಿಕೆ ಓದುವುದನ್ನು ಉದಾಹರಿಸುತ್ತದೆ. ಕಬ್ಬಿನ ಕಟಾವಿನ ಹಂಗಾಮಿನಲ್ಲಿ ಬಿಡುವೆಂಬುದೇ ಇಲ್ಲದ, ಅಕ್ಷರ ಕಲಿಯದ ಹೆಂಗಸಿಗೆ ಇವು ಅನ್ಯಲೋಕದ ಮಾತುಗಳು. ಆದರೆ ಏಕಾಗ್ರತೆ ಅವಳಿಗೂ ಇದೆ. ರಾತ್ರಿಯೆಲ್ಲ ಕೂತು ಶ್ರೀಕೃಷ್ಣ ಪಾರಿಜಾತದ ಆಟವನ್ನು ನೋಡಿ ಮರುದಿನ ಸಾಲು ಸಾಲು ಒಪ್ಪಿಸುವ ಜನ ಇವರು. ಕುಲಗೋಡ ತಮ್ಮಣ್ಣನ ಪದಗಳು ಹುಟ್ಟಿದ, ಕೌಜಲಗಿ ನಿಂಗಮ್ಮನ ಕಂಠ ಮೊಳಗಿದ ಸೀಮೆ ಇದು. ಇಲ್ಲಿ ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನು ತೆಗೆಸಿಕೊಂಡವನು ಭಜನೆಯ ಮೇಳದಲ್ಲಿ ತನ್ನ ಸ್ಥಾನವನ್ನು ಕಳೆದುಕೊಳ್ಳುತ್ತಾನೆ. ಬಿಡುವಿನ ಹವ್ಯಾಸವೆಂಬ ಮಾತಿನಲ್ಲಿ ಈ ನಷ್ಟ ಹಿಡಿಸುವುದಿಲ್ಲ.

ಬಾಯಿಯ ಕ್ಯಾನ್ಸರಿನ ಮಾತನ್ನು ವಿಶೇಷವಾಗಿ ಹೇಳಬೇಕು. ನಮ್ಮ ದೇಶದಲ್ಲಿ ಸ್ತನದ ಕ್ಯಾನ್ಸರಿನ ಅನಂತರ ಅತಿ ಹೆಚ್ಚಾಗಿ ಕಂಡುಬರುವುದು ಅದೇ. ಹುಕ್ಕೇರಿಯಾಚೆಗೆ ನಿಪ್ಪಾಣಿಯು ತಂಬಾಕಿನ ಬೆಳೆಗೂ ವ್ಯಾಪಾರಕ್ಕೂ ಹೆಸರಾದ ಪೇಟೆ. ತಂಬಾಕು ಬೆಳೆಗಾರರ ೧೯೮೧ರ ಚಳವಳಿಯಿಂದ ಇತಿಹಾಸದಲ್ಲಿಯೂ ಸ್ಥಾನ ಪಡೆದದ್ದು. ಬಾಯಿಗೆ ವಿಕಿರಣ ಪಡೆದವರಲ್ಲಿ ಜೊಲ್ಲು ಬತ್ತುತ್ತದೆ. ದವಡೆ ಬಿಗಿದು ಬಾಯಿ ಪೂರಾ ತೆರೆಯದಾಗುತ್ತದೆ. ಖಾರ ಸೋಕಿದರೆ ಉರಿಯುತ್ತದೆ. ಜೋಳದ ರೊಟ್ಟಿ, ಕೆಂಪು ಖಾರ, ಹಿಂಡಿಗಳ ನಾಡಿನಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಅಂಥವನು ಅಂಬಲಿ, ನುಚ್ಚು, ಹಾಲಿನಲ್ಲಿ ನೆನೆಸಿದ ರೊಟ್ಟಿಗಳಲ್ಲಿ ದಿನ ಕಳೆಯುತ್ತಾನೆ. ಮದುವೆಯ ಪಂಕ್ತಿಯಲ್ಲಿ ಕೂಡಲು ನಾಚುತ್ತಾನೆ. ನ್ಯಾಯವಾಗಿ ಹೇಳುವುದಾದರೆ, ಮೂವತ್ತು ಪ್ರಶ್ನೆಗಳಿಗೆ ಪೂರಕವಾಗಿ ತಲೆ-ಕುತ್ತಿಗೆಯ ಕ್ಯಾನ್ಸರಿಗೆ ೩೫ ಪ್ರಶ್ನೆಗಳ ಒಂದು ಅನುಬಂಧವೂ, ಸ್ತನದ ಕ್ಯಾನ್ಸರಿಗೆ ೨೩ ಪ್ರಶ್ನೆಗಳ ಒಂದು ಅನುಬಂಧವೂ ಇವೆ. ಮೊದಲನೆಯದು ಬಾಯಿ ಒಣಗುವುದನ್ನೂ ಇತರರೆದುರು ಉಣ್ಣುವ ಸಂಕೋಚವನ್ನೂ, ಎರಡನೆಯದು ಕೈಬಾವನ್ನೂ ಕೇಳುತ್ತವೆ. ಇವನ್ನು ಬಳಸದೆ ಮೂವತ್ತನ್ನೇ ನೆಚ್ಚಿ ವರದಿ ಬರೆಯುವ ಸಂಶೋಧಕನ ತಪ್ಪನ್ನು ರಚನಕಾರರ ಮೇಲೆ ಹೊರಿಸಬಾರದು.

ಇನ್ನೂ ಒಂದು ದೋಷವು ಕಾಲಕ್ಕೆ ಸಂಬಂಧಿಸಿದ್ದು. ಇತಿಹಾಸದ ಅಭ್ಯಾಸಿಗಳಿಗೆ ಇದೇ ಮುಖ್ಯವಾಗಿ ಕಾಣುತ್ತದೆ. ಮೊದಲ ಐದು ಪ್ರಶ್ನೆಗಳ ಅನಂತರ ಉಳಿದವೆಲ್ಲ ಕಳೆದ ಒಂದು ವಾರವನ್ನು ಕುರಿತು ಕೇಳುತ್ತವೆ. ಇದಕ್ಕೆ ಕಾರಣವಿದೆ. ೧೯೯೩ರಲ್ಲಿ ಈ ಪ್ರಶ್ನಾವಳಿಯನ್ನು ಪರೀಕ್ಷಿಸಿದ್ದು ೧೩ ದೇಶಗಳ, ಶಸ್ತ್ರಚಿಕಿತ್ಸೆಗೆ ಒಗ್ಗದ ಶ್ವಾಸಕೋಶದ ಕ್ಯಾನ್ಸರಿನ ೩೦೫ ರೋಗಿಗಳ ಮೇಲೆ. ಅವರಿಗೆ ವಾರವೇ ದೊಡ್ಡ ಅವಧಿ. ಆ ೧೩ರಲ್ಲಿ ಭಾರತವಿರಲಿಲ್ಲವೆಂಬುದಕ್ಕಿಂತ, ಅವರು ಚಿಕಿತ್ಸೆಯ ನಡುವೆ ಇದ್ದವರು, ಅದನ್ನು ದಾಟಿದವರಲ್ಲ ಎಂಬುದು ಮಹತ್ವದ್ದು. ದಾಟಿದವರ ಪಂಚಾಂಗ ಬೇರೆ. ಕೈಬಾವು ವರ್ಷಗಳ ಅನಂತರವೂ ತೋರಬಹುದು. ವಿಕಿರಣ ತಗುಲಿದ ದವಡೆಯ ಎಲುಬು ತಡವಾಗಿ ಸವೆಯಬಹುದು. ತಪಾಸಣೆಯ ದಿನ ಹತ್ತಿರ ಬಂದಂತೆ ನಿದ್ದೆ ಹಾರುತ್ತದೆ. ಮುಗಿದ ಮೇಲೆ ಕೆಲ ತಿಂಗಳು ಮರಳುತ್ತದೆ. ಯಾವ ವಾರದಲ್ಲಿ ಕೇಳಿದಿರಿ ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ಒಂದು ತಾಮ್ರಪಟವನ್ನು ಓದಿ ಒಂದು ರಾಜವಂಶದ ಚರಿತ್ರೆಯನ್ನು ಬರೆದವರನ್ನು ನಾವು ಗೇಲಿ ಮಾಡುತ್ತೇವೆ. ಒಂದು ವಾರವನ್ನು ಓದಿ ಒಂದು ಬಾಳನ್ನು ಬರೆಯುವುದು ಅದಕ್ಕಿಂತ ಬೇರೆಯೇನಲ್ಲ.

೫

ಕೊನೆಯದಾಗಿ, ಈ ಪ್ರಶ್ನಾವಳಿಯ ಮನುಷ್ಯ ಒಂಟಿ. ಮನೆತನದ ಬಾಳಿಗೆ ಒಂದು ಪ್ರಶ್ನೆ, ಸಮಾಜದ ಒಡನಾಟಕ್ಕೆ ಒಂದು, ಹಣದ ಅಡಚಣೆಗೆ ಒಂದು, ಅಲ್ಲಿಗೆ ಮುಗಿಯಿತು. ಧುಪದಾಳದಲ್ಲಿ ರೋಗವು ಒಬ್ಬರಿಗೆ ಬರುವುದಿಲ್ಲ, ಮನೆಗೆ ಬರುತ್ತದೆ. ಚಿಗವ್ವನವರ ಚಿಕಿತ್ಸೆಯ ಕಾಲದಲ್ಲಿ ಎರಡು ಎಮ್ಮೆಗಳು ಮಾರಿಹೋದವು. ಮೊಮ್ಮಗಳು ಒಂದು ವರ್ಷ ಶಾಲೆ ಬಿಟ್ಟು ಮನೆಯಲ್ಲಿ ನಿಂತಳು. ಈ ವರ್ಷವನ್ನು ಯಾರ ಗುಣಮಟ್ಟದಲ್ಲಿ ಬರೆಯಬೇಕು?

ಇಲ್ಲಿ ನಮಗೊಂದು ಸ್ವಾರಸ್ಯಕರವಾದ ಹೋಲಿಕೆ ದೊರೆಯುತ್ತದೆ. ಲೋಂಡಾ-ಮಿರಜ ಮಾರ್ಗದ ಘಟಪ್ರಭಾ ನಿಲ್ದಾಣವು ಧುಪದಾಳದ ಸಮೀಪದ್ದು. ಈ ಸೀಮೆಯ ರೋಗಿಗಳು ವಾನ್ಲೆಸ್ ಅವರ ಕಾಲದಿಂದ ಮಿರಜಿಗೂ, ಟಾಟಾ ಸ್ಮಾರಕ ಆಸ್ಪತ್ರೆ ೧೯೪೧ರಲ್ಲಿ ತೆರೆದ ಮೇಲೆ ಮುಂಬಯಿಗೂ, ಕಿದ್ವಾಯಿ ಸಂಸ್ಥೆ ೧೯೭೩ರಲ್ಲಿ ಆರಂಭವಾದ ಮೇಲೆ ಬೆಂಗಳೂರಿಗೂ ಹೋಗುತ್ತ ಬಂದವರು. ೨೦೨೫ರ ಜನವರಿಯಲ್ಲಿ ಬೆಳಗಾವಿಯಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯು ರಾಷ್ಟ್ರಪತಿಯವರಿಂದ ಉದ್ಘಾಟಿತವಾದುದು ದಾರಿಯನ್ನು ಮೊಟಕುಗೊಳಿಸಿದೆ. ಕ್ಯಾನ್ಸರ್ ರೋಗಿಗಳಿಗೆ ರೈಲು ಇಲಾಖೆಯು ಕೊಡುವ ದರದ ರಿಯಾಯಿತಿಯ ನಿಯಮವನ್ನು ಗಮನಿಸಿ. ಅದು ರೋಗಿಗಷ್ಟೇ ಅಲ್ಲ, ಜತೆಗೆ ಹೋಗುವವನಿಗೂ ಸಲ್ಲುತ್ತದೆ. ಚಿಕಿತ್ಸೆಗಷ್ಟೇ ಅಲ್ಲ, ಆಮೇಲಿನ ನಿಯತ ತಪಾಸಣೆಗೂ ಸಲ್ಲುತ್ತದೆ. ಟಿಕೀಟು ಕೊಡುವ ಕಾರಕೂನನ ನಿಯಮಪುಸ್ತಕಕ್ಕೆ ತಿಳಿದ ಎರಡು ಸತ್ಯಗಳು, ಅಂದರೆ ರೋಗಿಯು ಒಬ್ಬನೇ ಅಲ್ಲವೆಂಬುದು ಹಾಗೂ ರೋಗವು ಒಂದೇ ಪ್ರಯಾಣದಲ್ಲಿ 'ಮುಗಿಯುವುದಿಲ್ಲ'ವೆಂಬುದು, ತಜ್ಞರ ಪ್ರಶ್ನಾವಳಿಯಲ್ಲಿ ಮಸುಕಾಗಿವೆ.

ಚಿಕಿತ್ಸೆಯ ವೆಚ್ಚಕ್ಕೆ ಸರಕಾರದ ನೆರವು ಬಂದಿದೆ. ಉತ್ತರ ಕರ್ನಾಟಕದಲ್ಲಿಯೇ ೨೦೧೦ರಲ್ಲಿ ಮೊದಲಾದ ವಾಜಪೇಯಿ ಆರೋಗ್ಯಶ್ರೀ, ೨೦೧೮ರ ಆಯುಷ್ಮಾನ್ ಭಾರತ ಇವುಗಳಿಂದ ಬಡ ಕುಟುಂಬಗಳಿಗೆ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಆಯುಷ್ಮಾನ್ ಭಾರತದ ಕೇಂದ್ರ ನಿಯಮವು ಬಿಡುಗಡೆಯ ಅನಂತರದ ಖರ್ಚನ್ನು ಭರಿಸುವುದು ೧೫ ದಿನ. ಪ್ರಶ್ನಾವಳಿಗೆ ಒಂದು ವಾರ, ಯೋಜನೆಗೆ ಎರಡು ವಾರ. ಗುಣವಾದವರಿಗಾದರೋ ಇನ್ನು ಉಳಿದಿರುವುದು ಆಯುಷ್ಯ.

೬

ಪ್ರಶ್ನಾವಳಿಯಲ್ಲಿ ಸಿಕ್ಕದ ಬಾಳು ಆತ್ಮಕಥನದಲ್ಲಿ ಸಿಕ್ಕೀತೆಂದು ವಾದಿಸುವವರುಂಟು. ಕನ್ನಡದಲ್ಲಿ ಭಾರತಿ ಬಿ. ವಿ. ಅವರು ತಮ್ಮ ಸ್ತನ ಕ್ಯಾನ್ಸರಿನ ಅನುಭವವನ್ನು ನಿರೂಪಿಸಿದ 'ಸಾಸಿವೆ ತಂದವಳು' ಎಂಬ ಕೃತಿಯು ಈ ದೃಷ್ಟಿಯಿಂದ ಆದರಣೀಯವಾದುದು. ಸಾವಿಲ್ಲದ ಮನೆಯ ಸಾಸಿವೆಯನ್ನು ತರಲು ಹೋದ ಕಿಸಾಗೌತಮಿಯ ಬೌದ್ಧ ಕಥೆಯನ್ನು ನೆನಪಿಸುವ ಆ ಹೆಸರೇ, ರೋಗವನ್ನು 'ಗೆದ್ದ' ಕಥೆಗಿಂತ ಭಿನ್ನವಾದ ಮನೋಧರ್ಮವನ್ನು ಸೂಚಿಸುತ್ತದೆ. ರೋಗವನ್ನು ಯುದ್ಧದ ಭಾಷೆಯಲ್ಲಿ ಹೇಳಿದರೆ ರೋಗಿಗೆ ಅನ್ಯಾಯವಾಗುತ್ತದೆಂದು ಸೂಸನ್ ಸೊಂಟಾಗ್ ೧೯೭೮ರಲ್ಲಿಯೇ ಎಚ್ಚರಿಸಿದ್ದರು. ಆದರೂ ನಮ್ಮ ಸಭೆ ಸಮಾರಂಭಗಳಲ್ಲಿ 'ಕ್ಯಾನ್ಸರ್ ಗೆದ್ದವರು' ಎಂಬ ಬಿರುದು ನಿಂತಿಲ್ಲ. ಗೆದ್ದವನು ತನ್ನ ನೋವನ್ನು ಹೇಳಿಕೊಳ್ಳುವಂತಿಲ್ಲ. ಹೇಳಿಕೊಂಡರೆ ಗೆಲುವಿಗೆ ಕುಂದು. ಮರಳಿ ರೋಗ ತಲೆಯೆತ್ತಿದವನು ಸೋತವನೆಂದಾಗುತ್ತದೆ. ಹೀಗೆ ಆ ಬಿರುದು ಇಬ್ಬರ ಬಾಯನ್ನೂ ಕಟ್ಟುತ್ತದೆ.

ಆದರೆ ಆತ್ಮಕಥನಕ್ಕೂ ತನ್ನ ಮಿತಿಯಿದೆ. ಅದನ್ನು ಬರೆಯುವವರು ಬರೆಯಬಲ್ಲವರು. ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸು, ಕಬ್ಬು ಕಡಿಯುವ ಗಾಡಿಯವನು ಬರೆಯುವುದಿಲ್ಲ. ಈ ವಿಷಯದಲ್ಲಿ ನಾವು ಟೀಕಿಸಿದ ಪ್ರಶ್ನಾವಳಿಯೇ ಮೇಲು. ಅದು ಒಬ್ಬರನ್ನು ಆಳವಾಗಿ ಕೇಳದಿದ್ದರೂ ಎಲ್ಲರನ್ನೂ ಕೇಳಬಲ್ಲದು. ಒಂದಕ್ಕೆ ಆಳವಿದೆ, ಹರಹಿಲ್ಲ. ಇನ್ನೊಂದಕ್ಕೆ ಹರಹಿದೆ, ಆಳವಿಲ್ಲ. ಆದುದರಿಂದ ಪ್ರಶ್ನಾವಳಿಯನ್ನು ಬಿಸಾಡಬೇಕೆಂಬುದು ನಮ್ಮ ಮತವಲ್ಲ. ಅದರ ಪಕ್ಕದಲ್ಲಿ ಮೂರನೆಯದೊಂದು ಬರಹ ಬೇಕು. ಅದನ್ನು ಒದಗಿಸುವ ಹೊಣೆ ವೈದ್ಯರದಲ್ಲ, ನಮ್ಮದು.

ಮೌಖಿಕ ಇತಿಹಾಸವೆಂಬುದು ನಮ್ಮ ವಿಭಾಗಗಳಲ್ಲಿ ಈಗ ಪರಿಚಿತವಾದ ಮಾರ್ಗ. ಸ್ವಾತಂತ್ರ್ಯಯೋಧರ ನೆನಪುಗಳನ್ನೂ ಏಕೀಕರಣದ ನೆನಪುಗಳನ್ನೂ ನಾವು ಹೀಗೆ ಸಂಗ್ರಹಿಸಿದ್ದೇವೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಚಿಕಿತ್ಸೆ ಮುಗಿಸಿ ಬಂದ ಒಬ್ಬೊಬ್ಬರ ಬಳಿ, ಅವರ ಒಪ್ಪಿಗೆ ಪಡೆದು, ಹೆಸರು ಮರೆಸಿ, ಕುಳಿತು ಕೇಳಬಹುದು. ಕೆಲವು ಮನೆಗಳಲ್ಲಿ ರೋಗದ ಹೆಸರನ್ನು ರೋಗಿಗೇ ಹೇಳಿರುವುದಿಲ್ಲ. ಅಲ್ಲಿ ಬಾಯಿ ಬಿಡದಿರುವ ವಿವೇಕವೂ ಸಂಶೋಧಕನಿಗೆ ಬೇಕು. ಕೇಳತಕ್ಕ ಪ್ರಶ್ನೆಗಳು ಹೆಚ್ಚಿಲ್ಲ. ಮುಂಚೆ ದಿನಬೆಳಗಾದರೆ ಯಾವ ಯಾವ ಕೆಲಸ ಮಾಡುತ್ತಿದ್ದಿರಿ? ಅವನ್ನು ಈಗ ಯಾರು ಮಾಡುತ್ತಾರೆ? ಏನು ಉಣ್ಣುತ್ತಿದ್ದಿರಿ, ಏನು ಉಣ್ಣುತ್ತೀರಿ, ಯಾರ ಜತೆ ಕೂತು? ಮನೆಯಲ್ಲಿ ಏನು ಮಾರಿತು, ಯಾರ ಓದು ನಿಂತಿತು? ಬಿಡುಗಡೆಯ ದಿನ ನಿಮಗೆ ಏನು ಹೇಳಿದರು, ನೀವು ಏನೆಂದು ತಿಳಿದಿರಿ? ಈ ಕೊನೆಯ ಪ್ರಶ್ನೆಯನ್ನು ಯಾವ ಪಟ್ಟಿಯಲ್ಲಿಯೂ ನಾವು ಕಾಣಲಿಲ್ಲ. ಚಿಗವ್ವನವರ ಬಲಗೈಯ ಕಥೆಯೆಲ್ಲ ಅದರಲ್ಲಿಯೇ ಅಡಗಿದೆ.

ಈ ಲೇಖನದ ಕರಡನ್ನು ಅವರಿಗೆ ಓದಿ ಹೇಳಿ ಅವರ ಒಪ್ಪಿಗೆಯನ್ನು ಪಡೆದಿದ್ದೇವೆ. ಭಾರ ಎತ್ತುವ ಪ್ರಯೋಗದ ಮಾತು ಬಂದಾಗ ಅವರು ಅದನ್ನು ಎರಡು ಸಲ ಓದಿಸಿದರು. ಆಮೇಲೆ ತಮ್ಮ ಕೈಯನ್ನು ನೋಡಿಕೊಳ್ಳುತ್ತ, 'ಹಂಗಾದ್ರ ಯಾರ ಹತ್ರ ಕೇಳ್ಬೇಕು?' ಎಂದರು. ಆ ಪ್ರಶ್ನೆಗೆ ಅವರ ಊರಿನ ಆಸುಪಾಸಿನಲ್ಲಿಯೇ ಉತ್ತರ ದೊರೆಯುವಂತಾಗಬೇಕು. ಅದಕ್ಕೆ ಬೇಕಾದ ಸಾಕ್ಷ್ಯವನ್ನು ಕಲೆಹಾಕುವ ಕೆಲಸದಲ್ಲಿ ನಮ್ಮ ಸಹೋದ್ಯೋಗಿಗಳೂ ವಿದ್ಯಾರ್ಥಿಗಳೂ ಕೈಗೂಡಿಸುವರೆಂದು ಆಶಿಸಿ ಈ ವಿವೇಚನೆಯನ್ನು ಇಲ್ಲಿಗೆ ನಿಲ್ಲಿಸುತ್ತೇವೆ.